ಕೇಳುವವರಿಲ್ಲದ ಹಾಡು

ನಮ್ಮ ಮನೆಯವರಿಗೆ ನನ್ನ ಮೇಲೆ ಒಂದು ಹಳೆಯ ದೂರಿದೆ. ನಾನು ನಸುಕಿನ ನಾಲ್ಕೂವರೆಗೆ ಏಳುತ್ತೇನೆ, ಎದ್ದು ಏನೂ ಮಾಡುವುದಿಲ್ಲ ಎಂದು. ದೂರು ನಿಜ. ಚಹಾಕ್ಕೆ ಇಡುತ್ತೇನೆ, ಹಿತ್ತಲ ಬಾಗಿಲು ತೆಗೆದು ಮೆಟ್ಟಿಲ ಮೇಲೆ ಕೂಡುತ್ತೇನೆ, ಚುಕ್ಕೆ ನೋಡುತ್ತೇನೆ. ಒಳಗೆ ಚಹಾ ಉಕ್ಕಿ ಒಲೆ ಆರುತ್ತದೆ. "ನಿನಗ ನಿದ್ದಿ ಬರಲಿಲ್ಲಂದ್ರ ಬ್ರಹ್ಮಾಂಡ ನೆನಪಾಗತದ, ಅದರ ಸಲುವಾಗಿ ನನ್ನ ನಿದ್ದಿ ಕೆಡತದ" ಎನ್ನುತ್ತಾರೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಜಮಾ ಆಗದ ಕೆಲಸ ಅವರ ಪ್ರಕಾರ ಕೆಲಸವಲ್ಲ.

ಈ ಹೊತ್ತಿಗೆ ಏಳುವ ಚಟ ನನಗೆ ಅವ್ವನಿಂದ ಬಂದದ್ದು. ಆಕೆ ಎದ್ದು ಸುಮ್ಮನೆ ಕೂಡುತ್ತಿರಲಿಲ್ಲ, ಬೀಸುತ್ತಿದ್ದಳು. ನಮ್ಮೂರು ಮಮದಾಪುರ. ಈಗ ಬಬಲೇಶ್ವರ ತಾಲೂಕು, ನಾನು ಹುಟ್ಟಿದಾಗ ಎಲ್ಲ ವಿಜಾಪುರವೇ. ಊರಿಗೊಂದು ದೊಡ್ಡ ಕೆರೆ ಇದೆ. ಗೋಳಗುಮ್ಮಟದಲ್ಲಿ ಮಲಗಿರುವ ಮಹಮ್ಮದ್ ಆದಿಲ್ ಶಾಹನ ಕಾಲದ ಕೆರೆ. ಈಚೆಗೆ ಕೃಷ್ಣೆಯ ನೀರು ಪೈಪಿನಲ್ಲಿ ಬಂದು ಅದನ್ನು ತುಂಬುತ್ತಿದೆ. ನಮ್ಮ ಕಾಲದಲ್ಲಿ ಅದು ಎಷ್ಟೋ ವರ್ಷ ಬಿರಿದ ನೆಲವಾಗಿತ್ತು. ಹುಡುಗರು ಅದರೊಳಗೆ ಚಿಣಿಫಣಿ ಆಡುತ್ತಿದ್ದರು. ಸುಲ್ತಾನನಿಗೆ ಇದು ಗೊತ್ತಾಗಿದ್ದರೆ ಕೆರೆಯ ಬದಲು ಇನ್ನೊಂದು ಗುಮ್ಮಟ ಕಟ್ಟಿಸುತ್ತಿದ್ದನೋ ಏನೋ.

ಬೀಸುಕಲ್ಲು ಅಡಿಗೆಮನೆಯ ಮೂಲೆಯಲ್ಲಿತ್ತು. ಚಿಮಣಿ ಬುಡ್ಡಿಯ ಬೆಳಕು. ನಾವು ಮೂವರು ಮಕ್ಕಳು ಒಂದೇ ಕೌದಿಯೊಳಗೆ. ಅವ್ವ ಕಾಲು ಚಾಚಿ ಕೂತು ಬಲಗೈಯಿಂದ ಗೂಟ ತಿರುವುತ್ತ, ಎಡಗೈಯಿಂದ ಕಲ್ಲಿನ ಬಾಯಿಗೆ ಹಿಡಿಹಿಡಿ ಜೋಳ ಹಾಕುತ್ತಿದ್ದಳು. ಮೊದಲ ಹತ್ತು ಸುತ್ತು ಬರೀ ಕಲ್ಲಿನ ಗುರುಗುಟ್ಟುವಿಕೆ. ಆಮೇಲೆ ಹಾಡು ಬರುತ್ತಿತ್ತು. ತವರಿನದು, ಅಣ್ಣನದು, ಶ್ರೀಶೈಲದ ಮಲ್ಲಯ್ಯನದು. ಮೂರು ಮೂರು ಸಾಲಿನವು. ಒಂದು ಸಾಲು ಮುಗಿಯುವುದಕ್ಕೂ ಕಲ್ಲು ಒಂದು ಸುತ್ತು ಬರುವುದಕ್ಕೂ ಸರಿಹೊಂದುತ್ತಿತ್ತು. ಆಕೆಗೆ ತಾಳ ಹಾಕುವವರಿರಲಿಲ್ಲ, ತಂಬೂರಿ ಇರಲಿಲ್ಲ. ಶ್ರುತಿಯೂ ಕಲ್ಲೇ, ತಾಳವೂ ಕಲ್ಲೇ. ಚಪ್ಪಾಳೆ ಇಲ್ಲ. ಹಾಡು ಮುಗಿದಾಗ ಸಿಗುತ್ತಿದ್ದದ್ದು ಒಂದು ಬುಟ್ಟಿ ಹಿಟ್ಟು.

ನಾನು ಆರನೆಯ ಇಯತ್ತೆಯಲ್ಲಿದ್ದಾಗ ಊರಿಗೆ ಗಿರಣಿ ಬಂತು. ಹೆಂಗಸರ ರಟ್ಟೆಗೆ ಅದು ದೇವರು ಕೊಟ್ಟ ವರ. ನಸುಕಿನ ನಿದ್ದೆ ಎಂದರೆ ಏನೆಂದು ನಮ್ಮೂರ ಸೊಸೆಯಂದಿರಿಗೆ ಆಗ ಗೊತ್ತಾಯಿತು. ಆದ್ದರಿಂದ ಬೀಸುವ ಪದ ಹೋಯಿತಲ್ಲ ಎಂದು ಕಣ್ಣೀರು ಹಾಕುವ ಲೇಖನಗಳನ್ನು ಓದಿದರೆ ನನಗೆ ಸಿಟ್ಟೇ ಬರುತ್ತದೆ. ಬರೆಯುವವರು ಒಂದು ಸೇರು ಜೋಳ ಬೀಸಿ ನೋಡಲಿ. ಅವ್ವನಂತೂ ಕಲ್ಲು ಬಿಟ್ಟಳು, ಹಾಡು ಬಿಡಲಿಲ್ಲ. ಬೇಳೆ ಹಸನು ಮಾಡುವಾಗ, ಶಾವಿಗೆ ಹೊಸೆಯುವಾಗ, ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದಾಗ ಹಾಡುತ್ತಲೇ ಇದ್ದಳು. ಆಕೆಯ ಹಾಡು ನಿಂತದ್ದು ಗಿರಣಿಯಿಂದಲ್ಲ. ನನ್ನಿಂದ.

1996ರ ಮಾತು. ನಾನು ಬಿ.ಎ., ಬಿ.ಎಡ್. ಮುಗಿಸಿ ಪಟ್ಟಣದ ಶಾಲೆಯಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಮನೆಗೆ ಟೇಪ್‌ರೆಕಾರ್ಡರ್ ಬಂದಿತ್ತು. ಸುಶಿಕ್ಷಿತರ ಮನೆ ಎಂದಮೇಲೆ ಶಾಸ್ತ್ರೀಯ ಸಂಗೀತದ ನಾಲ್ಕು ಕ್ಯಾಸೆಟ್ ಇರಬೇಕಲ್ಲ! ಗಂಗೂಬಾಯಿ ಹಾನಗಲ್ಲರದು, ಮಲ್ಲಿಕಾರ್ಜುನ ಮನ್ಸೂರರದು ತಂದಿಟ್ಟಿದ್ದೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಆಗ ನನಗೆ ರಾಗ ಯಾವುದು ತಾಳ ಯಾವುದು ಒಂದೂ ತಿಳಿಯುತ್ತಿರಲಿಲ್ಲ. ಕೇಳುತ್ತಿದ್ದೇನೆ ಎಂದು ಬೇರೆಯವರಿಗೆ ತಿಳಿದರೆ ಸಾಕಿತ್ತು. ಒಂದು ರವಿವಾರ ಶಾಲೆಯ ಮೂವರು ಸಹೋದ್ಯೋಗಿಗಳು ಚಹಾಕ್ಕೆ ಬಂದರು. ಗಂಗೂಬಾಯಿಯವರ ಕ್ಯಾಸೆಟ್ ಹಚ್ಚಿದೆ. ಒಳಗೆ ಅವ್ವ ಮರದಲ್ಲಿ ಅಕ್ಕಿ ಕೇರುತ್ತ ಹಾಡುತ್ತಿದ್ದಳು, ಕೊಂಚ ಜೋರಾಗಿಯೇ. ಬಂದವರಲ್ಲಿ ಒಬ್ಬರು ನಕ್ಕು, "ಒಳಗ ಯಾರ್ರೀ, ಕೆಲಸದಾಕೇನು?" ಎಂದರು.

ಅವರ ನಗೆಯಲ್ಲಿ ಕೆಡುಕಿರಲಿಲ್ಲ. ಕೆಡುಕಿದ್ದದ್ದು ನನ್ನ ಅವಸರದಲ್ಲಿ. ಎದ್ದು ಒಳಗೆ ಹೋದೆ. "ಅವ್ವಾ, ಸ್ವಲ್ಪ ಸುಮ್ನಿರು. ಮಂದಿ ಬಂದಾರ. ಟೇಪು ಕೇಳಸವಲ್ದು" ಎಂದೆ. ಅವ್ವ ತಲೆ ಎತ್ತಿ, "ಹೌದೇನು? ಆತಬಿಡವಾ" ಎಂದಳು. ಹೊರಗೆ ಬಂದು, ಅದು ನಮ್ಮ ತಾಯಿ ಎಂದು ಹೇಳಿದೆನೇ? ಹೇಳಿದೆ. ಆದರೆ ಮೊದಲು ಟೇಪಿನ ದನಿ ಏರಿಸಿ, ಆಮೇಲೆ ಹೇಳಿದೆ. ಅವ್ವ ತಾನೇ ಚಹಾ ತಂದಳು, ಎಲ್ಲರ ಕುಶಲ ಕೇಳಿದಳು, ಹೋಗುವವರಿಗೆ ಕುಂಕುಮ ಕೊಟ್ಟಳು.

ಅದಾದ ಎರಡು ಮೂರು ತಿಂಗಳಿಗೆ ಒಂದು ಸಂಜೆ ಮನೆ ಯಾಕೋ ಖಾಲಿ ಎನ್ನಿಸಿತು. ಏನು ಕಡಿಮೆಯಾಗಿದೆ ಎಂದು ತಿಳಿಯಲು ಇನ್ನೊಂದು ವಾರ ಹಿಡಿಯಿತು. ಗಡಿಯಾರ ನಿಂತದ್ದು ತಿಳಿಯುವುದು ಹೊತ್ತು ನೋಡಲು ಹೋದಾಗಲೇ ಅಲ್ಲವೇ, ಹಾಗೆ. "ಯಾಕವ್ವಾ ಈಗ ಹಾಡೂದಿಲ್ಲ?" ಎಂದೆ. "ಎಲ್ಲಿ ಹಾಡು ಬಿಡ, ಮರತೀನಿ" ಎಂದಳು.

ನನಗೆ ಇಷ್ಟು ವರ್ಷದಿಂದ ಬಿಡದೆ ಕಾಡುವ ಪ್ರಶ್ನೆ ಇದು: ಇದು ತಪ್ಪೇ? ತಪ್ಪಾಗಿದ್ದರೆ ಎಷ್ಟು ದೊಡ್ಡದು? ಹೊಡೆದಿಲ್ಲ, ಬೈದಿಲ್ಲ. ಐದು ನಿಮಿಷ ಸುಮ್ಮನಿರು ಎಂದೆ. ಎಲ್ಲರ ಮನೆಯಲ್ಲೂ ದಿನಕ್ಕೆ ಹತ್ತು ಸಲ ಆಡುವ ಮಾತು. ನಮ್ಮ ಮನೆಯವರದು ಸರಳ ತೀರ್ಮಾನ. "ಅವರಿಗೆ ನೋವಾಗಿದ್ರ ಅವರು ಹೇಳತಿದ್ರು. ಹೇಳಲಿಲ್ಲ. ಖಾತೆ ಬಂದ್." ಮಗಳೂ ಅದನ್ನೇ ಹೇಳುತ್ತಾಳೆ, ಸ್ವಲ್ಪ ಸಣ್ಣ ದನಿಯಲ್ಲಿ.

ನಾನು ಒಪ್ಪಲಾರೆ. ನೊಂದವರು ನೊಂದೆ ಎಂದರೆ ಮಾತ್ರ ತಪ್ಪು ಎಂದಿಟ್ಟುಕೊಳ್ಳೋಣ. ಆಗ, ನೋಯಬಾರದು ಎಂದು ಚಿಕ್ಕಂದಿನಿಂದ ಕಲಿಸಿ ಬೆಳೆಸಿದವರಿಗೆ ಏನು ಮಾಡಿದರೂ ತಪ್ಪಾಗುವುದಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಬೆಳೆಸಿದ್ದೇ ಹಾಗೆ. ಅತ್ತೆ ಬೈದರೆ "ಆತಬಿಡ್ರಿ", ರೊಟ್ಟಿ ಸಾಲದಿದ್ದರೆ "ನನಗ ಹಸಿವಿಲ್ಲ". ಅವ್ವನ "ಆತಬಿಡವಾ" ಎಂಬ ಮಾತಿನಲ್ಲಿ ನೋವಿತ್ತೋ ಇಲ್ಲವೋ ಎಂದು ಆ ಮಾತನ್ನೇ ಒಡೆದು ನೋಡಿದರೂ ತಿಳಿಯದು, ಅಷ್ಟು ಚೆನ್ನಾಗಿ ಆಕೆಗೆ ಅದು ರೂಢಿಯಾಗಿತ್ತು. ಹಾಗಿದ್ದಮೇಲೆ ಆಕೆಯ ಮುಖ ನೋಡಿ ನನ್ನ ತಪ್ಪಿನ ತೂಕ ಹಾಕುವುದು ಹೇಗೆ? ನಾನು ಏನು ಮಾಡಿದೆ ಎಂಬುದನ್ನೇ ತಕ್ಕಡಿಗೆ ಇಡಬೇಕು. ನಾನು ಮಾಡಿದ್ದು, ಒಬ್ಬ ಹೆಂಗಸಿನ ಹಾಡು ಕೇಳಿಸಲಿ ಎಂದು ಇನ್ನೊಬ್ಬ ಹೆಂಗಸಿನ ಹಾಡು ನಿಲ್ಲಿಸಿದ್ದು. ಅದೂ ನನಗೆ ತಿಳಿಯುತ್ತಿದ್ದ ಹಾಡನ್ನು ನಿಲ್ಲಿಸಿ, ತಿಳಿಯದ ಹಾಡನ್ನು ಏರಿಸಿದ್ದು.

ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಗಂಗೂಬಾಯಿಯವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದವರು. ಮಗಳು ಹಿಂದುಸ್ತಾನಿ ಕಲಿಯತೊಡಗಿದಾಗ, ತನ್ನ ಹಾಡಿನ ನೆರಳು ಮಗಳ ಹಾಡಿನ ಮೇಲೆ ಬೀಳಬಾರದೆಂದು ಆ ತಾಯಿ ತಮ್ಮ ಹಾಡನ್ನೇ ನಿಲ್ಲಿಸಿದರಂತೆ. 1932ರಲ್ಲಿ ಅಂಬಾಬಾಯಿ ತೀರಿಕೊಂಡಾಗ ಗಂಗೂಬಾಯಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆಮೇಲೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತದ್ದು, ಗಂಟಲು ಬದಲಾಗಿ ಆ ಗಂಡುದನಿ ಬಂದದ್ದು, 2002ರಲ್ಲಿ ಪದ್ಮವಿಭೂಷಣ, ಎಲ್ಲ ನಿಮಗೆ ಗೊತ್ತೇ ಇದೆ. ಅಂಬಾಬಾಯಿಯವರ ಸಂಗತಿಯನ್ನು ನಾನು ಓದಿದ್ದು ಆ ರವಿವಾರದ ಎಷ್ಟೋ ವರ್ಷಗಳ ನಂತರ. ಓದಿ ಪುಸ್ತಕ ಮಡಿಚಿಟ್ಟೆ. ಅಂದು ನಮ್ಮ ಮನೆಯ ಟೇಪಿನಲ್ಲಿ ಹಾಡುತ್ತಿದ್ದ ದನಿಯ ಹಿಂದೆಯೂ ಹಾಡು ನಿಲ್ಲಿಸಿದ ಒಬ್ಬ ತಾಯಿ ಇದ್ದಳು!

ಆ ತಾಯಿ ಕೊಟ್ಟಳು, ಈ ತಾಯಿಯಿಂದ ಕಸಿದುಕೊಂಡದ್ದು, ಅದು ಬೇರೆ ಇದು ಬೇರೆ ಎಂದು ಕೂಡಲೇ ಹೇಳಬಹುದು. ಆದರೆ ನಾನು ಶಿಕ್ಷಕಿ, ಅಷ್ಟು ಬೇಗ ಮಾರ್ಕು ಹಾಕಲಾರೆ. ಅಂಬಾಬಾಯಿಯವರು ನಿಲ್ಲಿಸಿದ ದಿನ ಮನೆಯಲ್ಲಿ ಯಾರಾದರೂ "ಬ್ಯಾಡ, ನೀವೂ ಹಾಡ್ರಿ" ಎಂದಿದ್ದರೆ ಏನಾಗುತ್ತಿತ್ತು? ಕೊಡುವುದು ಕೂಡ ಕೆಲವರಿಗೆ ರೂಢಿಯಾಗಿಬಿಡುತ್ತದೆ. ತೆಗೆದುಕೊಳ್ಳುವವರು ಕೈ ಚಾಚಬೇಕಾದದ್ದೂ ಇಲ್ಲ.

ಗಂಗೂಬಾಯಿಯವರೇ ಒಮ್ಮೆ ಹೇಳಿದ್ದುಂಟು. ಹಾಡುವ ಗಂಡಸು ಮುಸಲ್ಮಾನನಾದರೆ ಉಸ್ತಾದನಾಗುತ್ತಾನೆ, ಹಿಂದೂ ಆದರೆ ಪಂಡಿತನಾಗುತ್ತಾನೆ, ಕೇಸರಬಾಯಿ ಮೊಗೂಬಾಯಿಯಂಥವರು ಮಾತ್ರ ಬಾಯಿಯಾಗಿಯೇ ಉಳಿಯುತ್ತಾರೆ, ಎಂಬ ಅರ್ಥದ ಮಾತು. ನಮ್ಮ ಕನ್ನಡದಲ್ಲಂತೂ ಬಾಯಿ ಎಂದರೆ ಮುಚ್ಚಿಸಲಿಕ್ಕೆ ಇರುವುದು. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನೂ ಬಾಯಾರು ಎನ್ನುತ್ತಾರೆ. ದಿನವಿಡೀ "ಬಾಯಿ ಮುಚ್ಚರಿ" ಎಂದು ಕೂಗುವ ಬಾಯಾರು ನಾನು.

ಆ ಕೇಸರಬಾಯಿ ಕೇರ್ಕರರ ಒಂದು ಹಾಡು ಈಗ ನಕ್ಷತ್ರಗಳ ನಡುವೆ ಇದೆ ಎಂಬುದನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಪಾಠದಲ್ಲಿಲ್ಲ, ಪರೀಕ್ಷೆಗೆ ಬರುವುದಿಲ್ಲ, ಅದಕ್ಕೇ ಅವರು ಗಮನವಿಟ್ಟು ಕೇಳುತ್ತಾರೆ. 1977ರಲ್ಲಿ ಅಮೆರಿಕದವರು ವಾಯೇಜರ್ ಎಂಬ ಎರಡು ನೌಕೆಗಳನ್ನು ಹಾರಿಸಿದರು. ಎರಡರಲ್ಲೂ ಬಂಗಾರದ ಲೇಪದ ತಾಮ್ರದ ತಟ್ಟೆ, ನಮ್ಮ ಹಳೆಯ ಗ್ರಾಮೋಫೋನ್ ತಟ್ಟೆಯಂಥದು. ಅದರಲ್ಲಿ ಸುಮಾರು ತೊಂಬತ್ತು ನಿಮಿಷದ ಸಂಗೀತ, ಮಳೆ ಗಾಳಿ ಹಕ್ಕಿಗಳ ಸದ್ದು, 55 ಭಾಷೆಗಳಲ್ಲಿ ನಮಸ್ಕಾರ. ಆ ಐವತ್ತೈದರಲ್ಲಿ ಕನ್ನಡವೂ ಒಂದು. ಕನ್ನಡಿಗರ ಪರವಾಗಿ ಶುಭಾಶಯ ಹೇಳಿದ ಒಂದು ದನಿ ಅಲ್ಲಿದೆ. ಹಿಂದುಸ್ತಾನದ ಸಂಗೀತವೆಂದು ಅವರು ಆರಿಸಿದ್ದು ಕೇಸರಬಾಯಿಯವರ ಮೂರೂವರೆ ನಿಮಿಷದ ಭೈರವಿ. ಆ ಹಾಡಿನ ಹೆಸರಿಗೆ "ಎಲ್ಲಿಗೆ ಹೊರಟೆ" ಎಂದು ಅರ್ಥ. ಸಂಜೆ ಚಪ್ಪಲಿ ಮೆಟ್ಟಿದ ಮಗಳಿಗೆ ಎಲ್ಲ ತಾಯಂದಿರೂ ಕೇಳುವ ಪ್ರಶ್ನೆ! ಅದನ್ನು, ಎಲ್ಲಿಗೆಂದು ತನಗೇ ಗೊತ್ತಿಲ್ಲದೆ ಹೊರಟ ನೌಕೆಯೊಳಗೆ ಇಟ್ಟು ಕಳಿಸಿದ್ದಾರೆ. ವಾಯೇಜರ್ 1 ಹಾರಿದ್ದು ಆ ಸಪ್ಟೆಂಬರ್ 5ರಂದು. ಕೇಸರಬಾಯಿ ತೀರಿಕೊಂಡದ್ದು ಅದೇ ಸಪ್ಟೆಂಬರ್ 16ರಂದು. ಹನ್ನೊಂದೇ ದಿನ.

ಹೋದ ವರ್ಷ ಒಬ್ಬ ಹುಡುಗ ಎದ್ದು ನಿಂತ. "ಅಕ್ಕೋರ, ಅಲ್ಲಿರೋರ ಹಂತ್ಯಾಕ ತಟ್ಟಿ ಹಚ್ಚೂ ಮಷೀನು ಎಲ್ಲಿಂದ ಬರಬೇಕರಿ?" ಒಳ್ಳೆಯ ಪ್ರಶ್ನೆ. ನೌಕೆಯಲ್ಲಿ ಸೂಜಿಯನ್ನೂ ಇಟ್ಟಿದ್ದಾರೆ, ಹೇಗೆ ಹಚ್ಚಬೇಕು ಎಂಬುದನ್ನು ಮುಚ್ಚಳದ ಮೇಲೆ ಚಿತ್ರ ಬಿಡಿಸಿ ತೋರಿಸಿದ್ದಾರೆ ಎಂದೆ. ಗಂಡನ ಮನೆಗೆ ಹೊರಟವಳ ಸಂಗಡ ಹಿಟ್ಟಿನ ಜೊತೆ ಹಂಚನ್ನೂ ಕಟ್ಟಿದ ಹಾಗೆ. ಆಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ವರ್ಷವೆಲ್ಲ ಬಾಯಿ ಬಿಡದವಳು, ಕೇಳಿದಳು: "ಯಾರೂ ಇರಲಿಲ್ಲಂದ್ರರಿ? ಅಕಿ ಹಾಡಿದ್ದು ವ್ಯರ್ಥ ಆತೇನ್ರಿ?"

ನಾನು ಗಂಟೆ ಬಾರಿಸಲಿ ಎಂದು ಕಾದೆ. ಬಾರಿಸಲಿಲ್ಲ.

ಆ ತಟ್ಟೆಯನ್ನು ಯಾರಾದರೂ ಕೇಳುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ವಾಯೇಜರ್ 1 ಸೂರ್ಯನ ಗಾಳಿಯ ಎಲ್ಲೆ ದಾಟಿದ್ದು 2012ರಲ್ಲಿ. ಈಗ ಅದಕ್ಕೆ ಒಂದು ಸುದ್ದಿ ಕಳಿಸಿದರೆ, ಬೆಳಕಿನ ವೇಗದಲ್ಲಿ ಹೋದರೂ ಸುಮಾರು ಒಂದು ದಿನ ಬೇಕು. ಮುಂದೊಂದು ನಕ್ಷತ್ರದ ಹತ್ತಿರ ಹಾಯಬೇಕಾದರೆ ನಲವತ್ತು ಸಾವಿರ ವರ್ಷ. ಹತ್ತಿರ ಎಂದರೂ ಒಂದೂವರೆ ಜ್ಯೋತಿರ್ವರ್ಷಕ್ಕಿಂತ ದೂರ. ಅಲ್ಲಿ ಗಾಳಿ ಇಲ್ಲವಾದ್ದರಿಂದ ಸದ್ದೂ ಇಲ್ಲ. ತಟ್ಟೆಯೊಳಗೆ ಭೈರವಿ ಬಾಯಿ ಮುಚ್ಚಿಕೊಂಡು ಹೋಗುತ್ತಿದೆ. ಹಾಗಾದರೆ ಅದು ಹಾಡೋ, ತಾಮ್ರದ ಮೇಲಿನ ಗೀರೋ?

"ವ್ಯರ್ಥ ಅಲ್ಲವಾ" ಎಂದೆನೇ ಹೊರತು ಯಾಕೆ ಅಲ್ಲ ಎಂದು ಆ ಹುಡುಗಿಗೆ ಹೇಳಲಾಗಲಿಲ್ಲ. ನನಗೆ ನೆನಪಾದದ್ದು ಕೌದಿ. ಕೇಳುವವರಿಲ್ಲದೆ ಹಾಡಿದವಳು ಎಂದು ನಾನು ಅವ್ವನ ಬಗ್ಗೆ ಹೇಳುತ್ತಲೇ ಬಂದಿದ್ದೆ. ಕೌದಿಯೊಳಗೆ ಎಚ್ಚರಾಗಿ ಮಲಗಿದ್ದವಳು ಮತ್ತೆ ಯಾರು? ನಾನೇ ಅಲ್ಲವೇ! ಮಗಳು ಕೇಳಿದರೆ ಅದನ್ನು ಕೇಳುವುದು ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೇ. ನಮ್ಮ ಜಿಲ್ಲೆಯದೇ ಹಲಸಂಗಿ. ಅಲ್ಲಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಎಂದು ಇಂಥ ಹಾಡುಗಳನ್ನು ಕೂಡಿಸಿ ಅಚ್ಚು ಹಾಕಿಸಿದರು. ಅವರ ಉಪಕಾರ ದೊಡ್ಡದು. ಪರೀಕ್ಷೆಯಲ್ಲಿ ನಾವು ಸಂಗ್ರಹಿಸಿದವರ ಹೆಸರು ಕೇಳುತ್ತೇವೆ, ಒಂದು ಅಂಕ. ಹಾಡಿದವರ ಹೆಸರು ಕೇಳುವ ಪ್ರಶ್ನೆಪತ್ರಿಕೆಯನ್ನು ನಾನೂ ತೆಗೆದಿಲ್ಲ.

ಅವ್ವನನ್ನು ಒಮ್ಮೆ ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗಿದ್ದೆ, ಹಾಡು ನಿಲ್ಲುವುದಕ್ಕಿಂತ ಮೊದಲು. ಆ ಏಳು ಅಂತಸ್ತಿನ ಇಕ್ಕಟ್ಟಿನ ಮೆಟ್ಟಿಲು ಹತ್ತಿಸುವಾಗ ಆಕೆ ಮಹಮ್ಮದ್ ಆದಿಲ್ ಶಾಹನಿಗೆ ಏನೇನು ಅಂದಳೋ, 1656ರಲ್ಲೇ ತೀರಿಕೊಂಡು ಬಚಾವಾದ. ಅವನ ತಂದೆ ಎರಡನೆಯ ಇಬ್ರಾಹಿಂ ಸಂಗೀತದ ಹುಚ್ಚಿನವನು. 'ಕಿತಾಬ್-ಎ-ನೌರಸ್' ಎಂದು ರಾಗಗಳಿಗೆ ಹಾಡು ಕಟ್ಟಿದವನು, ಸರಸ್ವತಿಗೆ ಕೈಮುಗಿದವನು, ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟವನು. ಅಪ್ಪ ಹಾಡು ಕಟ್ಟಿದ, ಮಗ ಬರೀ ಮಾರ್ದನಿ ಕಟ್ಟಿದ. ಮಕ್ಕಳು ಹೀಗೇ, ನನ್ನನ್ನೂ ಸೇರಿಸಿ.

ಮೇಲಿನ ಮೊಗಸಾಲೆಯಲ್ಲಿ ಅವ್ವನನ್ನು ಒಂದು ಕಡೆ ಕೂಡಿಸಿ, "ಗ್ವಾಡಿಗೆ ಬಾಯಿ ಹಚ್ಚಿ ಏನರೆ ಮಾತಾಡು" ಎಂದು ಹೇಳಿ ನಾನು ಎದುರು ಬದಿಗೆ ಹೋಗಿ ಕಿವಿ ಹಚ್ಚಿದೆ. ನಡುವೆ ನೂರಿಪ್ಪತ್ತು ಅಡಿಗೂ ಮಿಕ್ಕಿದ ಬಯಲು. ಸುತ್ತ ಶಾಲೆಯ ಮಕ್ಕಳ ಕೂಗು, ಒಂದೊಂದು ಕೂಗೂ ಏಳೆಂಟು ಸಲ ತಿರುಗಿ ಬರುತ್ತಿತ್ತು. ಬಹಳ ಹೊತ್ತು ಅವ್ವನ ಮಾತಿಲ್ಲ. ಗೋಡೆಯ ಜೊತೆ ಮಾತಾಡುವುದು ಆಕೆಗೆ ನಾಚಿಕೆ. ಕೊನೆಗೆ ಕಿವಿಯ ಹತ್ತಿರವೇ ಬಂದು ಕೂತು ಹೇಳಿದ ಹಾಗೆ ಕೇಳಿಸಿತು: "ಉಂಡೀಯೇನವಾ?"

ಮನೆಯಿಂದ ಒಟ್ಟಿಗೇ ಉಂಡು ಹೊರಟಿದ್ದೆವು. ನಾನು ಬಿದ್ದುಬಿದ್ದು ನಕ್ಕೆ. ಈಗ ಆ ವಾಯೇಜರ್ ತಟ್ಟೆಯ ನಮಸ್ಕಾರಗಳ ಪಟ್ಟಿ ಓದುವಾಗ, ಚೀನಾದ ಆಮೊಯ್ ನುಡಿಯಲ್ಲಿ ಮಾತಾಡಿದವರು ಬಾನಿನ ಗೆಳೆಯರಿಗೆ ಕೇಳಿದ್ದೂ ಊಟ ಆಯಿತೇ ಎಂದೇ, ಬಿಡುವಾದಾಗ ಬನ್ನಿ ಎಂದೇ, ಎಂದು ತಿಳಿದು ಆ ನಗೆ ಅರ್ಧಕ್ಕೇ ನಿಂತಿತು. ದೇಶದೇಶದವರು ಶಾಂತಿ, ಶುಭ ಎಂದೆಲ್ಲ ಹೇಳುವ ಕಡೆ ಯಾರೋ ಒಬ್ಬರಿಗೆ ಅಡಿಗೆಮನೆ ನೆನಪಾಗಿದೆ.

2005ರಲ್ಲಿ ನನಗೆ ಬುದ್ಧಿ ಬಂತು, ಅಥವಾ ಭಯ. ಅವ್ವನಿಗೆ ವಯಸ್ಸಾಗಿತ್ತು. ಸಣ್ಣದೊಂದು ರೆಕಾರ್ಡರ್ ಕೊಂಡು ಆಕೆಯ ಮುಂದೆ ಇಟ್ಟೆ. "ಹಾಡವ್ವಾ." "ಕಲ್ಲಿಲ್ದ ಹಾಡು ಬರಂಗಿಲ್ಲವಾ" ಎಂದಳು. ಇದು ನೆಪವೋ ನಿಜವೋ ತಿಳಿಯದೆ, ಬಿಡಬಾರದೆಂದು, ಆಕೆಯನ್ನು ಮಮದಾಪುರಕ್ಕೆ ಕರೆದೊಯ್ದೆ. ಬೀಸುಕಲ್ಲು ಹಿತ್ತಲಲ್ಲಿ ಅರ್ಧ ಹುಗಿದು ಹೋಗಿತ್ತು, ಮೇಲೆ ಬಟ್ಟೆ ಒಗೆಯುತ್ತಿದ್ದರು. ತಮ್ಮನ ಮಕ್ಕಳು ಕಿತ್ತು ತಂದು ತೊಳೆದರು. ಗೂಟ ಇರಲಿಲ್ಲ, ಜಾಲಿಯ ಕಟ್ಟಿಗೆ ಕೆತ್ತಿ ಹೊಡೆದರು. ಅವ್ವ ಕಾಲು ಚಾಚಿ ಕೂತಳು. ಒಂದು ಹಿಡಿ ಜೋಳ ಹಾಕಿದಳು. ತಿರುವಿದಳು.

ಹಾಡು ಬರಲಿಲ್ಲ. ಕಲ್ಲು ಸುತ್ತುತ್ತಲೇ ಇತ್ತು. ತುಟಿ ಅಲುಗಿದವು ಎಂದು ನನಗೆ ಅನ್ನಿಸಿತು. ಆಮೇಲೆ ಕೆಮ್ಮು ಬಂತು. "ಸಾಕವಾ" ಎಂದಳು. ಹೊರಗೆ ಬಂದು ನಾನು ಕೇಳಬೇಕೆಂದಿದ್ದೆ: ಅವತ್ತು ಸುಮ್ಮನಿರು ಎಂದದ್ದಕ್ಕೆ ಹೀಗೆ ಮಾಡಿದಿಯೇನು ಎಂದು. ಕೇಳಿದರೆ ಆಕೆ ಏನು ಹೇಳುತ್ತಾಳೆ ಎಂಬುದು ನನಗೆ ಗೊತ್ತಿತ್ತು. "ಯಾವತ್ತ? ನನಗ ನೆನಪಿಲ್ಲವಾ" ಎನ್ನುತ್ತಾಳೆ. ಆ ಮಾತು ಕೇಳಿ ನನಗೆ ಹಗುರಾಗುತ್ತದೆ. ಹಾಗೆ ಹಗುರಾಗುವುದು ಬೇಡವೆಂದೋ, ಒಂದು ವೇಳೆ ಬೇರೆ ಏನಾದರೂ ಹೇಳಿಬಿಟ್ಟರೆ ಎಂಬ ಅಂಜಿಕೆಗೋ, ಕೇಳಲಿಲ್ಲ. ಕ್ಷಮೆ ಬೇಡುವುದರಲ್ಲೂ ಎಷ್ಟು ಸ್ವಾರ್ಥ ಇರುತ್ತದೆ ಎಂದು ನಾನು ಅವತ್ತು ವಿಚಾರ ಮಾಡಿದೆ ಎಂದರೆ ಸುಳ್ಳು. ಅವತ್ತು ಬಸ್ಸಿನ ವೇಳೆ ಆಗಿತ್ತು. 2012ರಲ್ಲಿ ಅವ್ವ ಹೋದಳು.

ಆ ಕ್ಯಾಸೆಟ್ಟನ್ನು ಹೋದ ದೀಪಾವಳಿಗೆ ಬಂದ ಮಗಳು ತನ್ನ ಮೊಬೈಲಿಗೆ ಇಳಿಸಿದಳು. ಇಪ್ಪತ್ತೆರಡು ನಿಮಿಷ. ಹನ್ನೆರಡು ನಿಮಿಷ ನಮ್ಮೆಲ್ಲರ ಗದ್ದಲ, ಕೋಳಿಗಳ ಕೂಗು, ಗೂಟ ಹೊಡೆಯುವ ಸಪ್ಪಳ. ಆಮೇಲೆ ಕಲ್ಲು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಮಗಳು ತುಂಬ ಹೊತ್ತು ಕೇಳಿದಳು. "ಅಮ್ಮಾ, ಹದಿನಾರನೇ ನಿಮಿಷದಲ್ಲಿ ಅಜ್ಜಿ ಗುನುಗ್ತಿದಾಳೆ. ಕಲ್ಲಿನ ಕೆಳಗೆ. ಕೇಳು." ಕೇಳಿದೆ. ಇದೆ ಅನ್ನಿಸಿತು. ಮರುದಿನ ಕೇಳಿದೆ, ಬರೀ ಕಲ್ಲು. ಈಗ ನಸುಕಿನಲ್ಲಿ ಮೆಟ್ಟಿಲ ಮೇಲೆ ಕೂತು ನಾನು ಮಾಡುವುದು ಇದೇ. ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ.

ಮೊನ್ನೆ ನಮ್ಮ ಮನೆಯವರು ನಿದ್ದೆಗಣ್ಣಲ್ಲಿ ಎದ್ದು ಬಂದು ಒಲೆ ಆರಿಸಿದರು. ಉಕ್ಕಿದ ಚಹಾ ಒರೆಸುತ್ತ ಏನೋ ಗೊಣಗಿದರು. ಆಮೇಲೆ ಬಂದು ಪಕ್ಕದಲ್ಲಿ ಕೂತು, "ತಾ ಇಲ್ಲಿ" ಎಂದು ಮೊಬೈಲು ಇಸಿದುಕೊಂಡು ಕಿವಿಗೆ ಹಿಡಿದರು.

"ಕಲ್ಲಿನ ಸಪ್ಪಳಾ ಇದು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಮ್ಮೆ ಹಚ್ಚು ನೋಡೂಣು" ಎಂದರು.